ಸ್ಟೇಡಿಯಂ ದೊಡ್ಡದಾದಷ್ಟೂ ಆಟ ಸಣ್ಣದು: ಬೆಟಗೇರಿಯವನೊಬ್ಬನ ವಿಮರ್ಶೆ

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾನು ಕೂತು ನೋಡಿದ ಜಾಗಗಳಲ್ಲಿ ಕೊಟ್ಟ ದುಡ್ಡು ಪೂರ್ತಿ ವಸೂಲಾಗಿದ್ದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಕಬಡ್ಡಿ ನೋಡುವಾಗ. ಎಲ್ಲಕ್ಕಿಂತ ದೊಡ್ಡದು ಅಹಮದಾಬಾದಿನದು. ಅಲ್ಲಿ ಆಟ ನೋಡಿದೆ ಅನ್ನುವುದಕ್ಕಿಂತ ಕಟ್ಟಡ ನೋಡಿ ಬಂದೆ ಅನ್ನಬೇಕು. ಬೆಂಗಳೂರಿನ ಚಿನ್ನಸ್ವಾಮಿ, ಮುಂಬೈಯ ವಾಂಖೆಡೆ, ಗೋವಾದ ಫಾತೋರ್ಡಾ ಇವೆಲ್ಲ ನಡುವೆ ಎಲ್ಲೋ ಬರುತ್ತವೆ.

ನಾನು ಗದಗಿನ ಪಕ್ಕದ ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಇದು ನನ್ನ ದಂಧೆ. ಕ್ರಿಕೆಟ್ ಅಂದರೆ ನನಗೆ ಪ್ರೆಸ್ಸಿನ ಮೂಲೆಯಲ್ಲಿ ಟಿವಿ ಹಚ್ಚಿಟ್ಟು, ಗದ್ದಲ ಕೇಳಿಸಿದಾಗ ತಲೆ ಎತ್ತಿ ನೋಡುವುದು. ಕೊಹ್ಲಿ, ರಾಹುಲ್, ಬುಮ್ರಾ ಗೊತ್ತು. ನೆಟ್ ರನ್ ರೇಟ್ ಲೆಕ್ಕ ಕೇಳಿದರೆ ಮಾತು ಬದಲಿಸುತ್ತೇನೆ. ನನ್ನನ್ನು ಸ್ಟೇಡಿಯಂಗೆ ಎಳೆದವನು ಅಕ್ಕನ ಮಗ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಟಿಕೆಟ್ ಬುಕ್ ಮಾಡಿ ಆಮೇಲೆ ಫೋನ್ ಹಚ್ಚುತ್ತಾನೆ: "ಮಾಮಾ, ಶನಿವಾರ ಬಸ್ ಹತ್ತರಿ, ಉಳಿದಿದ್ದು ನಾ ನೋಡ್ಕೋತೀನಿ."

ಹಾಗಾಗಿ ಇದು ಹುಚ್ಚು ಅಭಿಮಾನಿಗಳಿಗೆ ಬರೆದದ್ದಲ್ಲ. ಅವರು ಎಲ್ಲಿ ಕೂರಿಸಿದರೂ ಕೂತು ನೋಡುತ್ತಾರೆ. ಇದು ನನ್ನಂಥವರಿಗೆ. ರಾತ್ರಿ ಬಸ್ಸಿಗೆ ಬಂದು, ಹೆಗಲಿಗೆ ಬ್ಯಾಗ್ ಹಾಕಿಕೊಂಡು ಊರು ಸುತ್ತಿ, ಪಂದ್ಯ ನೋಡಿ, ಮತ್ತೆ ರಾತ್ರಿ ಬಸ್ಸಿಗೇ ಹೊರಡುವವರಿಗೆ. ಒಳಗೆ ಹೋಗಲು ಎಷ್ಟು ಹೊತ್ತು ಬೇಕು, ಕೂತ ಜಾಗದಿಂದ ಆಟ ಕಾಣುತ್ತದೋ ಇಲ್ಲವೋ, ಕುಡಿಯುವ ನೀರು, ಟಾಯ್ಲೆಟ್ ಗತಿ ಏನು, ಮುಗಿದ ಮೇಲೆ ಗದಗಿನ ಬಸ್ ಸಿಗುತ್ತದೋ, ಇದಿಷ್ಟೇ ನಮ್ಮ ಚಿಂತೆ ಅಲ್ವಾ. ಇನ್ನೊಂದು, ದಂಧೆಯ ಕಣ್ಣು ಸುಮ್ನೆ ಇರುವುದಿಲ್ಲ. ಎಲ್ಲಿ ಹೋದರೂ ಟಿಕೆಟ್ಟಿನ ಅಕ್ಷರ, ಗೇಟಿನ ಬೋರ್ಡು ನನಗೆ ಮೊದಲು ಕಾಣುತ್ತವೆ.

ಚಿನ್ನಸ್ವಾಮಿಯಿಂದ ಶುರು ಮಾಡೋಣ. ಅದರ ಮೊದಲ ಗುಣ ಅದು ಇರುವ ಜಾಗ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿದರೆ ನಡುವೆ ಎರಡು ನಿಲ್ದಾಣ, ಆಮೇಲೆ ಕಬ್ಬನ್ ಪಾರ್ಕ್. ಮೇಲೆ ಹತ್ತಿ ಬಂದರೆ ಸ್ಟೇಡಿಯಂ ಎದುರಿಗೇ ಇದೆ. ಆಟೋದವರ ಜೊತೆ ಮಾತಿಗಿಳಿಯುವ ಕೆಲಸವೇ ಇಲ್ಲ. ಆದರೆ ಟಿಕೆಟ್ಟಿನಲ್ಲಿ ಯಾವ ಗೇಟ್ ಬರೆದಿದೆ ಅಂತ ನೋಡಿಕೊಂಡೇ ಹೆಜ್ಜೆ ಇಡಿ. ಕೆಲವು ಗೇಟು ಕ್ವೀನ್ಸ್ ರಸ್ತೆಯ ಕಡೆ, ಕೆಲವು ಕಬ್ಬನ್ ರಸ್ತೆಯ ಕಡೆ. ಪಂದ್ಯದ ದಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕೆಂದರೆ ಬ್ಯಾರಿಕೇಡ್ ಸುತ್ತಿ ಸುತ್ತಿ ಕಾಲು ಬಿದ್ದು ಹೋಗುತ್ತವೆ.

ಇಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಜೊತೆ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಆಡಲು ಶುರು ಮಾಡಿದ್ದು ಅದೇ ಪಂದ್ಯದಲ್ಲಿ. ಅದು ನಮ್ಮ ಅಪ್ಪನ ಕಾಲದ ಮಾತು. ನನ್ನ ವಯಸ್ಸಿನವರಿಗೆ ಚಿನ್ನಸ್ವಾಮಿ ಅಂದರೆ 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ಮರು ಎಸೆತಕ್ಕೇ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಬ್ಬಿಸಿದ್ದು. ಆ ಸ್ಟಂಪು ಯಾವ ತುದಿಯಲ್ಲಿತ್ತೋ ಅಂತ ಅಳಿಯನನ್ನು ಕೇಳಿದೆ. "ನಾ ಇನ್ನೂ ಹುಟ್ಟಿದ್ದಿಲ್ರಿ ಮಾಮಾ" ಅಂದ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಚಾಚಿ ತೋರಿಸಿದರು. ಖರೆಯೋ ಸುಳ್ಳೋ ದೇವರೇ ಬಲ್ಲ, ನನಗೆ ಖುಷಿಯಾಯಿತು.

ಮೈದಾನ ಸಣ್ಣದು. ಬೌಂಡರಿ ಹತ್ತಿರ. ಅದಕ್ಕೇ ಇಲ್ಲಿ ಸಿಕ್ಸರ್ ಜಾಸ್ತಿ, ಬೌಲರ್‌ಗಳ ಗೋಳೂ ಜಾಸ್ತಿ. 2013ರಲ್ಲಿ ಕ್ರಿಸ್ ಗೇಲ್ ಒಬ್ಬನೇ ಔಟಾಗದೆ 175 ಹೊಡೆದದ್ದು ಇಲ್ಲೇ. ನೋಡುವವನಿಗೆ ಮಾತ್ರ ಇದು ಲಾಭ. ಆಟಗಾರನ ಮುಖ ಕಾಣದಿದ್ದರೂ ನಡಿಗೆ ಕಾಣುತ್ತದೆ. ನಡಿಗೆ ನೋಡಿಯೇ ಯಾರು ಅಂತ ಗೊತ್ತಾಗುವಷ್ಟು ಹತ್ತಿರ.

ಐಪಿಎಲ್ ರಾತ್ರಿಯೊಂದನ್ನೂ ನೋಡಿದೆ, ಟೆಸ್ಟ್ ದಿನವೊಂದನ್ನೂ ನೋಡಿದೆ. ಐಪಿಎಲ್‌ನಲ್ಲಿ ನನ್ನಂಥವನಿಗೆ ಒಂದು ಅನುಕೂಲ ಇದೆ. ಏನೂ ಗೊತ್ತಿರದಿದ್ದರೂ ನಡೆಯುತ್ತದೆ. ಜನ ಎದ್ದರೆ ಏಳಬೇಕು, ಕೂಗಿದರೆ ಕೂಗಬೇಕು. "ಆರ್‌ಸಿಬಿ, ಆರ್‌ಸಿಬಿ" ಅನ್ನುವ ಆ ಕೂಗು ಕಾಂಕ್ರೀಟಿನೊಳಗಿಂದ ಕಾಲಿಗೆ ಬರುತ್ತದೆ. ಅದನ್ನು ಟಿವಿ ಕೊಡುವುದಿಲ್ಲ. ಆದರೆ ಎರಡು ಎಸೆತಗಳ ನಡುವೆಯೂ ಹಾಡು, ಓವರ್ ಮುಗಿದರೆ ಹಾಡು, ಔಟಾದರೆ ಬೇರೆ ಹಾಡು. ಬ್ಯಾಟಿಗೆ ಚೆಂಡು ಬಡಿದ ಸದ್ದು ಒಮ್ಮೆಯೂ ಕೇಳಿಸಲಿಲ್ಲ. ಟಿಕೆಟ್ ಎರಡು ಸಾವಿರದ ಮೇಲಿತ್ತು. ಪಂದ್ಯ ಏಳೂವರೆಗೆ ಶುರುವಾಗಿ ಹನ್ನೊಂದರ ಮೇಲೆ ಮುಗಿಯುತ್ತದೆ. ನಮ್ಮ ಕಡೆ ಬರುವ ಗೋಲಗುಮ್ಮಟ ಎಕ್ಸ್‌ಪ್ರೆಸ್ ಸಂಜೆಯೇ ಬೆಂಗಳೂರು ಬಿಟ್ಟಿರುತ್ತದೆ. ತಡರಾತ್ರಿಯ ಬಸ್ಸಿಗೆ ಮೊದಲೇ ಸೀಟು ಕಾದಿರಿಸದಿದ್ದರೆ ಬಸ್ ಸ್ಟ್ಯಾಂಡಿನ ಬೆಂಚೇ ಗತಿ.

ಟೆಸ್ಟ್ ದಿನ ಬೇರೆಯೇ ಲೋಕ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಬಂದಾಗ ಹೋಗಿದ್ದೆ. ಮೊದಲ ದಿನ ಪೂರ್ತಿ ಮಳೆ, ಟಾಸ್ ಕೂಡ ಆಗಲಿಲ್ಲ. ನಮ್ಮ ಟಿಕೆಟ್ ಎರಡನೇ ದಿನದ್ದು. ಅಷ್ಟು ಮಳೆ ಬಿದ್ದ ಮೇಲೆ ಆಟ ಎಲ್ಲಿಂದ ಅಂತ ನಾನು ಹೋಟೆಲಿನಲ್ಲೇ ಮಲಗುವವನಿದ್ದೆ. ಅಳಿಯ ಬಿಡಲಿಲ್ಲ. ಈ ಮೈದಾನದ ಹುಲ್ಲಿನ ಕೆಳಗೆ 2017ರಲ್ಲಿ ಸಬ್‌ಏರ್ ಅಂತ ಒಂದು ವ್ಯವಸ್ಥೆ ಹಾಕಿದ್ದಾರೆ. ನೆಲದಡಿ ಕೊಳವೆಗಳ ಜಾಲ. ಮಳೆ ಬಂದರೆ ಯಂತ್ರ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಫೀಲ್ಡರ್‌ಗಳು ಆರಾಮಾಗಿ ಓಡುತ್ತಿದ್ದರು. ನಮ್ಮ ಬೆಟಗೇರಿ ರಸ್ತೆಗಳು ಕಣ್ಣ ಮುಂದೆ ಬಂದವು, ಇರಲಿ ಬಿಡಿ.

ಆ ದಿನವೇ ಭಾರತ 46ಕ್ಕೆ ಆಲೌಟ್ ಆಯಿತು. ತವರಿನಲ್ಲಿ ಅಷ್ಟು ಕಡಿಮೆಗೆ ಹಿಂದೆಂದೂ ಆಗಿರಲಿಲ್ಲ. ಐದು ಜನ ಸೊನ್ನೆ. ಅದರಲ್ಲಿ ಕೊಹ್ಲಿಯೂ ಇದ್ದ, ನಮ್ಮ ರಾಹುಲನೂ ಇದ್ದ. ನಾನು ಟಾಯ್ಲೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಬೋರ್ಡಿನ ಮೇಲೆ ವಿಕೆಟ್ಟಿನ ಅಂಕಿ ಬದಲಾಗಿತ್ತು. ಇಷ್ಟಾದರೂ ದುಡ್ಡು ಹೋಯಿತು ಅಂತ ಅನ್ನಿಸಲಿಲ್ಲ. ಯಾಕೆಂದರೆ ಎಲ್ಲ ಕೇಳಿಸುತ್ತಿತ್ತು. ಮೋಡದ ಕೆಳಗೆ ಚೆಂಡು ಪ್ಯಾಡಿಗೆ ಬಡಿದ ಸದ್ದು, ಸ್ಲಿಪ್‌ನವರ ಕೂಗು, ಮುಂದಿನ ಸಾಲಿನಲ್ಲಿ ಟಿಫಿನ್ ಡಬ್ಬಿ ನೆನೆಸಿಕೊಳ್ಳುತ್ತಿದ್ದ ಒಬ್ಬ ಅಜ್ಜನ ಗೊಣಗು. ಸಂಜೆ ರಚಿನ್ ರವೀಂದ್ರ ಬ್ಯಾಟ್ ಹಿಡಿದು ಬಂದ. ಅವನ ತಂದೆ ತಾಯಿ ಬೆಂಗಳೂರಿನವರು. ನಮ್ಮ ಸಾಲಿನವರು "ನಮ್ಮ ಹುಡುಗನೇ ಬಿಡ್ರಿ" ಅಂತ ಅವನಿಗೂ ಚಪ್ಪಾಳೆ ಹಾಕಿದರು. ಮುಂದೆ ಅವನು ಶತಕ ಹೊಡೆದು ನಮ್ಮನ್ನೇ ಸೋಲಿಸಿದ. ಟೆಸ್ಟ್ ಬೆಳಗ್ಗೆ ಒಂಬತ್ತೂವರೆಗೆ ಶುರು, ಸಂಜೆ ಐದರ ಸುಮಾರಿಗೆ ಮುಗಿತಾಯ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿನಲ್ಲಿ ಕಾಫಿ ಕುಡಿದು, ಮೆಜೆಸ್ಟಿಕ್‌ಗೆ ಬಂದು, ಊಟ ಮಾಡಿ ಬಸ್ ಹತ್ತಿದರೆ ಬೆಳಗ್ಗೆ ಗದಗ. ಚಿನ್ನಸ್ವಾಮಿಗೆ ಹೋಗುವುದಿದ್ದರೆ ಟೆಸ್ಟಿಗೆ ಹೋಗಿ, ಇದು ನನ್ನ ಮಾತು.

ಒಂದು ಸಂಗತಿ ಹೇಳದೆ ಈ ಸ್ಟೇಡಿಯಂ ಬಗ್ಗೆ ಬರೆಯಲಾಗುವುದಿಲ್ಲ. ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ಮರುದಿನ, 2025ರ ಜೂನ್ 4ರಂದು, ಇದರ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವತ್ತು ಪಂದ್ಯವೇ ಇರಲಿಲ್ಲ. ಕಪ್ ನೋಡಲು ಬಂದವರು. ಅಳಿಯ ಅವತ್ತು ಆಫೀಸಿನಲ್ಲೇ ಇದ್ದ. ಆದರೂ ಅವನು ಫೋನ್ ಎತ್ತುವವರೆಗೆ ಅಕ್ಕ ನೀರು ಮುಟ್ಟಲಿಲ್ಲ. ಆಮೇಲಿಂದ ನಾನು ಯಾವ ಸ್ಟೇಡಿಯಂಗೆ ಹೋದರೂ ಸೀಟು ಹುಡುಕುವ ಮೊದಲು ಹೊರಗೆ ಹೋಗುವ ದಾರಿ ಹುಡುಕುತ್ತೇನೆ. ಗೇಟಿನ ಬೋರ್ಡು ಜನರ ತಲೆಗಿಂತ ಮೇಲಿರಬೇಕು, ಅಕ್ಷರ ದೂರದಿಂದ ಓದುವಂತಿರಬೇಕು ಅಂತ ನಾನು ಪದೇ ಪದೇ ಹೇಳುವುದು ದಂಧೆಯ ಚಟಕ್ಕಲ್ಲ.

ಇನ್ನು ದೂರುಗಳು. ಅವನ್ನೆಲ್ಲ ಇಲ್ಲೇ ಒಟ್ಟಿಗೆ ಹೇಳಿ ಮುಗಿಸುತ್ತೇನೆ. ಯಾವ ಊರು, ಯಾವ ಸ್ಟೇಡಿಯಂ ಅಂತ ಕೇಳಬೇಡಿ. ಒಂದು ಕಡೆ ನೀರಿನ ಬಾಟಲಿ ಒಳಗೆ ಬಿಡಲಿಲ್ಲ. ಒಳಗೆ ಲೋಟದಲ್ಲಿ ನೀರು ಮಾರುತ್ತಿದ್ದರು, ಅದಕ್ಕೂ ಸಾಲು. ಅದೇ ಜಾಗದಲ್ಲಿ ಕುರ್ಚಿಯ ಮೇಲೆ ಪಾರಿವಾಳ ಮಾಡಿಟ್ಟ ಕೆಲಸ ಒಣಗಿ ಕೂತಿತ್ತು. ಒರೆಸಲು ನನ್ನದೇ ಕರವಸ್ತ್ರ. ಸಾಲಿನ ನಂಬರು ಮೆಟ್ಟಿಲಿಗೆ ಬಣ್ಣದಲ್ಲಿ ಬರೆದಿದ್ದರು. ಜನ ತುಳಿದೂ ತುಳಿದೂ ಎಂಟು ಮೂರಾಗಿತ್ತು. ಹಾಗಾಗಿ ಎಂಟನೇ ಸಾಲಿನವರೂ ಮೂರನೇ ಸಾಲಿನವರೂ ಪಂದ್ಯದ ಮೊದಲ ಓವರ್ ಜಗಳದಲ್ಲೇ ಕಳೆದರು. ಇನ್ನೊಂದು ಊರಿನಲ್ಲಿ ಟಿಕೆಟ್ ಮೊಬೈಲಿನಲ್ಲೇ ತೋರಿಸಬೇಕು, ಆದರೆ ಗೇಟಿನ ಹತ್ತಿರ ಅಷ್ಟು ಜನ ಸೇರಿದ ಮೇಲೆ ನೆಟ್‌ವರ್ಕ್ ಬರಲೇ ಇಲ್ಲ. ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಗುವುದಾದರೆ ಪ್ರಿಂಟ್ ತೆಗೆಸಿ. ನನ್ನ ಪ್ರೆಸ್ಸಿಗೇ ಬರಬೇಕು ಅಂತಿಲ್ಲ!

ಮುಂಬೈಗೆ ನಾನು ಹೋಗುವುದು ಮಷಿನ್ ಬಿಡಿಭಾಗಕ್ಕೆ. ಹೀಗೊಮ್ಮೆ ಹೋದಾಗ ಅಳಿಯ ವಾಂಖೆಡೆ ಟಿಕೆಟ್ ಕಳಿಸಿದ. ಹುಬ್ಬಳ್ಳಿಯಿಂದ ದಾದರ್‌ಗೆ ನೇರ ರೈಲು ಇದೆ. ದಾದರಿನಲ್ಲಿ ಸೇತುವೆ ದಾಟಿ ಪಶ್ಚಿಮ ಮಾರ್ಗದ ಲೋಕಲ್ ಹಿಡಿದರೆ ಕೊನೆಯ ನಿಲ್ದಾಣ ಚರ್ಚ್‌ಗೇಟ್. ಅಲ್ಲಿಂದ ನಡೆದರೆ ಸ್ಟೇಡಿಯಂ. ರೈಲು ಹಳಿ ಸ್ಟೇಡಿಯಂ ಪಕ್ಕದಲ್ಲೇ ಇವೆ, ಇನ್ನೊಂದು ಕಡೆ ಸ್ವಲ್ಪ ನಡೆದರೆ ಸಮುದ್ರ. ಸಂಜೆಯ ಗಾಳಿಯನ್ನು ಟಿಕೆಟ್ಟಿನ ದರದಲ್ಲಿ ಸೇರಿಸಿಲ್ಲ, ಸೇರಿಸಿದ್ದರೂ ಕೊಡಬಹುದಿತ್ತು.

ಇದನ್ನು ಕಟ್ಟಿದ ಕಥೆ ನನಗೆ ಇಷ್ಟ. ಹತ್ತಿರದಲ್ಲೇ ಬ್ರೆಬೋರ್ನ್ ಅನ್ನುವ ಹಳೆಯ ಸ್ಟೇಡಿಯಂ ಇದೆ. ಅದರ ಕ್ಲಬ್ಬಿನವರಿಗೂ ಮುಂಬೈ ಕ್ರಿಕೆಟ್ ಸಂಸ್ಥೆಯವರಿಗೂ ಟಿಕೆಟ್ ಹಂಚಿಕೆಯ ವಿಷಯದಲ್ಲಿ ಜಗಳ ಬಂತು. ಆ ಸಿಟ್ಟಿಗೆ ಕೂಗಳತೆಯಲ್ಲೇ ಇನ್ನೊಂದು ಸ್ಟೇಡಿಯಂ ಕಟ್ಟಿದರು. 1975ರ ಜನವರಿಯಲ್ಲಿ ಮೊದಲ ಟೆಸ್ಟ್, ಕ್ಲೈವ್ ಲಾಯ್ಡ್ 242 ಹೊಡೆದ. ನಮ್ಮ ಕಡೆ ಅಣ್ಣ ತಮ್ಮಂದಿರು ಸಿಟ್ಟಿಗೆ ಗೋಡೆ ಕಟ್ಟುತ್ತಾರೆ, ಮುಂಬೈಯವರು ಸ್ಟೇಡಿಯಂ ಕಟ್ಟಿದರು.

2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಹೊಡೆದ ಸಿಕ್ಸರ್ ಬಿದ್ದ ಕುರ್ಚಿಗಳನ್ನು ಇಲ್ಲಿ ಗುರುತು ಮಾಡಿ ಇಟ್ಟಿದ್ದಾರೆ. ದೂರದಿಂದಲೇ ನೋಡಿ ಸಮಾಧಾನಪಟ್ಟೆ. ಸಚಿನ್ ಪುತಳಿಯ ಹತ್ತಿರ ಫೋಟೋ ತೆಗೆಸಿಕೊಳ್ಳಲು ಜನ ಮುಗಿಬಿದ್ದಿದ್ದರು. ನಾನೂ ತೆಗೆಸಿಕೊಂಡೆ, ಬಿಡುವುದುಂಟೆ. ಇಲ್ಲಿಯ ಸೀಟುಗಳು ಕಡಿದಾಗಿ ಮೇಲೇರುತ್ತವೆ. ಮುಂದಿನವನ ತಲೆ ಅಡ್ಡ ಬರುವುದಿಲ್ಲ. ಮೊಣಕಾಲು ನೋವಿದ್ದವರು ಮೇಲಿನ ಹಂತ ಬುಕ್ ಮಾಡುವ ಮೊದಲು ಯೋಚಿಸಿ. ಸ್ಟೇಡಿಯಂನಲ್ಲಿ ತಿನ್ನುವುದಕ್ಕಿಂತ ಮೊದಲೇ ಬ್ರೆಬೋರ್ನ್ ಕಟ್ಟಡದಲ್ಲಿರುವ ಕೆ. ರುಸ್ತುಂ ಅಂಗಡಿಯಲ್ಲಿ ಎರಡು ಬಿಸ್ಕತ್ತಿನ ನಡುವೆ ಇಟ್ಟು ಕೊಡುವ ಐಸ್‌ಕ್ರೀಂ ತಿಂದು ಹೋಗಿ.

ಎಲ್ಲಿ ಕೂರಬೇಕು ಅನ್ನುವುದನ್ನು ನಾನು ವಾಂಖೆಡೆಯಲ್ಲೇ ಕಲಿತೆ. ಕೆಳಗಿನ ಸೀಟು ದುಬಾರಿ ಇದ್ದಾಗ ಅದೇ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಕ್ರಿಕೆಟ್ಟಿನಲ್ಲಿ ಹಾಗಲ್ಲ. ಕೆಳಗೆ, ಬದಿಯಲ್ಲಿ ಕೂತರೆ ಬೌಂಡರಿಯಲ್ಲಿ ನಿಂತ ಫೀಲ್ಡರನ ಬೆನ್ನು ಚೆನ್ನಾಗಿ ಕಾಣುತ್ತದೆ. ಚೆಂಡು ನೇರ ಹೋಯಿತೋ ತಿರುಗಿತೋ ತಿಳಿಯುವುದಿಲ್ಲ. ಬೌಲರ್ ಓಡಿ ಬರುವ ಸಾಲಿಗೆ ನೇರವಾಗಿ, ಮೇಲಿನ ಹಂತದಲ್ಲಿ ಸಿಕ್ಕರೆ ಬಿಡಬೇಡಿ. ಟಿವಿಯಲ್ಲಿ ನಾವು ನೋಡುವುದು ಅದೇ ಕೋನದಿಂದ. ಕಣ್ಣಿಗೆ ರೂಢಿ ಇರುತ್ತದೆ.

ಅಹಮದಾಬಾದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೋಟೇರಾದಲ್ಲಿದೆ, ಹೊಸದಾಗಿ ಕಟ್ಟಿ 2020ರಲ್ಲಿ ತೆರೆದದ್ದು, 1,32,000 ಜನ ಹಿಡಿಸುತ್ತದೆ. ಜಗತ್ತಿನಲ್ಲೇ ದೊಡ್ಡ ಕ್ರಿಕೆಟ್ ಸ್ಟೇಡಿಯಂ. ಬೆಳಕಿಗೆ ಕಂಬಗಳಿಲ್ಲ, ಛಾವಣಿಯ ಅಂಚಿನಲ್ಲೇ ಸುತ್ತಲೂ ದೀಪ. ಕಂಬದ ನೆರಳು ಇಲ್ಲ, ನಡುವೆ ಅಡ್ಡ ಬರುವ ತೊಲೆ ಇಲ್ಲ. ಮೆಟ್ರೋ ನಿಲ್ದಾಣ ಹತ್ತಿರ ಇದೆ. ಎಲ್ಲ ಚೆಂದ. ಆದರೆ ಮೇಲಿನ ಹಂತದಲ್ಲಿ ಕೂತಾಗ ಬೌಲರ್ ಯಾರು ಅಂತ ತಿಳಿಯಲು ನಾನು ದೊಡ್ಡ ಪರದೆ ನೋಡಬೇಕಾಯಿತು. ಆಮೇಲೆ ಪರದೆಯನ್ನೇ ನೋಡುತ್ತ ಕೂತೆ. ಪರದೆ ನೋಡುವುದಕ್ಕೆ ಗದಗಿನಿಂದ ಗುಜರಾತಿಗೆ ಯಾಕೆ ಹೋಗಬೇಕು? ಇನ್ನೂ ಒಂದು. ಅದು ವಾರದ ನಡುವಿನ ಪಂದ್ಯ. ಜನ ಸಾಕಷ್ಟು ಬಂದಿದ್ದರು, ಬೇರೆ ಸ್ಟೇಡಿಯಂ ಆಗಿದ್ದರೆ ತುಂಬಿ ತುಳುಕುತ್ತಿತ್ತು. ಅಲ್ಲಿ ಮಾತ್ರ ಖಾಲಿ ಕುರ್ಚಿಗಳೇ ಕಣ್ಣಿಗೆ ರಾಚುತ್ತಿದ್ದವು.

ಈಗ ಕಂಠೀರವ ಒಳಾಂಗಣಕ್ಕೆ ಬರೋಣ. ಇದೂ ಬೆಂಗಳೂರಿನಲ್ಲೇ, ಕಬ್ಬನ್ ಪಾರ್ಕಿನ ಆಚೆ ಬದಿಗೆ. ಹೊರಗಿರುವ ದೊಡ್ಡ ಕಂಠೀರವ ಸ್ಟೇಡಿಯಂ ಬೇರೆ, ಇದು ಬೇರೆ. ಹೊರಗಿನದರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಆಡುತ್ತದೆ. ಅಲ್ಲಿ ನೋಡುವವರಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ಒಂದಿಷ್ಟು ದೂರವೇ. ಒಳಾಂಗಣದಲ್ಲಿ ನಾವು ನೋಡಿದ್ದು ಪ್ರೊ ಕಬಡ್ಡಿ.

ಕಬಡ್ಡಿ ನಮಗೆ ಹೊಸದೇನಲ್ಲ. ಗದಗ, ಹಾವೇರಿ ಕಡೆ ಜಾತ್ರೆ ಬಂತೆಂದರೆ ಕಬಡ್ಡಿ ಪಂದ್ಯದ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಲು ಹುಡುಗರು ಬರುತ್ತಾರೆ. ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಕೆಳಗೆ ದಾನಿಗಳ ಹೆಸರಿನ ಉದ್ದ ಪಟ್ಟಿ. ಒಂದು ಹೆಸರು ಬಿಟ್ಟರೂ ಜಗಳ. ರಾತ್ರಿ ಲೈಟು ಕಟ್ಟಿ, ಮಣ್ಣಿನ ಅಂಕಣದ ಗೆರೆಗೆ ತಾಗಿಕೊಂಡೇ ಕೂತು ನೋಡಿದವರು ನಾವು. ರೈಡರ್ ಬಿದ್ದರೆ ನಮ್ಮ ತೊಡೆಯ ಮೇಲೇ ಬೀಳುತ್ತಿದ್ದ. ಅದನ್ನು ಎಸಿ, ಲೈಟು, ಮ್ಯಾಟು ಹಾಕಿ ಹಾಳು ಮಾಡಿರುತ್ತಾರೆ ಅಂದುಕೊಂಡೇ ಹೋದೆ.

ಹಾಳಾಗಿಲ್ಲ. ಅಂಕಣ ಬರೀ 13 ಮೀಟರ್ ಉದ್ದ, 10 ಮೀಟರ್ ಅಗಲ. ಏಳು ಜನ ಆ ಕಡೆ, ಏಳು ಜನ ಈ ಕಡೆ. ಸುತ್ತ ನಾಲ್ಕೂ ಕಡೆ ಸೀಟು. ಎಲ್ಲಿ ಕೂತರೂ ಒಂದೂ ಸಂಗತಿ ತಪ್ಪುವುದಿಲ್ಲ. ಅಗ್ಗದ ಟಿಕೆಟ್ಟಿನಲ್ಲೂ ರೈಡರನ ಬೆವರು ಕಾಣುತ್ತದೆ. ಒಂದು ರೈಡಿಗೆ 30 ಸೆಕೆಂಡು. ಎರಡು ರೈಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರನೇ ಔಟು. ಹಾಗಾಗಿ ಜೊಳ್ಳು ಹೊತ್ತು ಅನ್ನುವುದೇ ಇಲ್ಲ. 20 ನಿಮಿಷ ಆಟ, ಸಣ್ಣ ಬಿಡುವು, ಮತ್ತೆ 20 ನಿಮಿಷ. ಒಂದೇ ಟಿಕೆಟ್ಟಿಗೆ ಒಂದರ ಹಿಂದೆ ಒಂದು ಎರಡು ಪಂದ್ಯ. ಅಂಗಿಯ ಮೇಲಿನ ನಂಬರು ದಪ್ಪ, ದೊಡ್ಡದು, ಹಿಂದಿನ ಬಣ್ಣಕ್ಕೆ ಎದ್ದು ಕಾಣುವಂಥದ್ದು. ಯಾರು ಹಾಕಿಸಿದರೋ, ಅವರಿಗೆ ನನ್ನ ನಮಸ್ಕಾರ.

ಈ ಸಲ ನಮ್ಮ ಮನೆಯವಳೂ ಬಂದಿದ್ದಳು. ಕ್ರಿಕೆಟ್ ಅಂದರೆ ಆಕೆಗೆ ನಿದ್ದೆ. ಇಲ್ಲಿ ಮೊದಲ ಹತ್ತು ನಿಮಿಷ ಕೈಕಟ್ಟಿ ಕೂತಿದ್ದಳು. ಬೆಂಗಳೂರು ಬುಲ್ಸ್‌ನ ಮೂವರು ಸೇರಿ ಎದುರಾಳಿಯನ್ನು ಕಾಲು ಹಿಡಿದು ಎಳೆದಾಗ "ಹಿಡೀರಿ, ಬಿಡಬ್ಯಾಡ್ರಿ!" ಅಂತ ನನ್ನ ಕಿವಿ ಪಕ್ಕದಲ್ಲೇ ಕೂಗಿದಳು. ಆಮೇಲೆ ಆ ಕೂಗು ನಿಲ್ಲಲೇ ಇಲ್ಲ. ನಿಯಮ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ಟಾಯ್ಲೆಟ್ ಸ್ವಚ್ಛವಾಗಿತ್ತು ಅನ್ನುವುದು ಆಕೆಯ ವರದಿ, ಅದನ್ನು ಬರೆಯಲೇಬೇಕು ಅಂದಿದ್ದಾಳೆ. ಜನ ಕೆಲವೇ ಸಾವಿರ, ಹಾಗಾಗಿ ಮುಗಿದ ಮೇಲೆ ಹೊರಗೆ ಬರಲು ನೂಕಾಟ ಇಲ್ಲ. ರಾತ್ರಿಯ ಗದಗ ಬಸ್ ಆರಾಮಾಗಿ ಸಿಕ್ಕಿತು. ಪ್ರೊ ಕಬಡ್ಡಿ ಪ್ರತಿ ಸಲ ಬೆಂಗಳೂರಿನಲ್ಲೇ ನಡೆಯುತ್ತದೆ ಅಂತಿಲ್ಲ, ಊರೂರು ತಿರುಗುತ್ತದೆ. ವೇಳಾಪಟ್ಟಿ ನೋಡಿಕೊಂಡು ಇಲ್ಲಿ ಇದ್ದಾಗ ಹಿಡಿಯಬೇಕು.

ಎರಡನೇ ಸ್ಥಾನ ನಾನು ಕೊಡುವುದು ಗೋವಾದ ಫಾತೋರ್ಡಾಕ್ಕೆ. ಮಡಗಾಂವದಲ್ಲಿದೆ. ನಮಗೆ ಬೆಂಗಳೂರಿಗಿಂತ ಇದೇ ಹತ್ತಿರ. ವಾಸ್ಕೊ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಘಟ್ಟ ಇಳಿದು ಮಡಗಾಂವಕ್ಕೆ ಹೋಗುತ್ತದೆ. ಅದು ದಿನಾ ಇಲ್ಲ, ವಾರ ನೋಡಿಕೊಳ್ಳಿ. ದಾರಿಯಲ್ಲಿ ದೂಧಸಾಗರ. ಅದಕ್ಕೆ ಬೇರೆ ಟಿಕೆಟ್ ಇಲ್ಲ.

ಸ್ಟೇಡಿಯಂ 1989ರದು. ಮೊದಲು ಇಲ್ಲಿ ಕ್ರಿಕೆಟ್ ಕೂಡ ಆಡುತ್ತಿದ್ದರು. ಈಗ ಫುಟ್‌ಬಾಲ್. 2017ರ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳೂ ಇಲ್ಲಿ ನಡೆದಿವೆ. ಸುಮಾರು 19,000 ಜನ ಹಿಡಿಸುತ್ತದೆ. ಎಫ್‌ಸಿ ಗೋವಾದ ಬಣ್ಣ ಕಿತ್ತಳೆ. ನಾನು ಫುಟ್‌ಬಾಲ್ ಆಫ್‌ಸೈಡ್ ಇವತ್ತಿಗೂ ಪೂರ್ತಿ ತಿಳಿದವನಲ್ಲ. ಆದರೂ ಬೇಸರ ಬರಲಿಲ್ಲ. ಯಾಕೆಂದರೆ ಅಲ್ಲಿ ಬರುವವರು ಮನೆಮಂದಿ ಸಮೇತ ಬರುತ್ತಾರೆ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ, ಅವರ ಮಗ, ಮೊಮ್ಮಗಳು. ಅಜ್ಜಿ ಕೊಂಕಣಿಯಲ್ಲಿ ರೆಫರಿಗೆ ಬೈಯುತ್ತಿದ್ದರು. ಭಾಷೆ ತಿಳಿಯದಿದ್ದರೂ ಬೈಗುಳ ಚೆನ್ನಾಗಿ ತಿಳಿಯಿತು. ಡೋಲು ಒಂದು ಮೂಲೆಯಲ್ಲಿ ಶುರುವಾದರೆ ಪಂದ್ಯ ಮುಗಿಯುವವರೆಗೆ ಅದೇ ತಾಳ. ಧ್ವನಿವರ್ಧಕದ ಹಾಡಿಗಿಂತ ಅದು ಎಷ್ಟೋ ವಾಸಿ. ಆಟ ನಲವತ್ತೈದು ನಿಮಿಷ ನಿಲ್ಲುವುದಿಲ್ಲ, ಹಾಗಾಗಿ ಜಾಹೀರಾತಿಗೂ ಹಾಡಿಗೂ ಜಾಗವೇ ಸಿಗುವುದಿಲ್ಲ. ಹೊರಗೆ ಭಾಜಿ ಪಾವ್, ಆಮ್ಲೆಟ್ ಗಾಡಿಗಳು. ಹೊಟ್ಟೆ ತುಂಬಲು ಒಳಗಿನ ದರ ಕೊಡಬೇಕಾಗಿಲ್ಲ.

2025ರ ಅಕ್ಟೋಬರಿನಲ್ಲಿ ಸೌದಿಯ ಅಲ್ ನಸರ್ ತಂಡ ಇಲ್ಲಿಗೆ ಆಡಲು ಬಂತು. ರೊನಾಲ್ಡೊ ಬರುತ್ತಾನೆ ಅಂತ ಅಳಿಯನ ಗೆಳೆಯರು ಕಾರು ಮಾಡಿಕೊಂಡು ಹೋದರು. ತಂಡ ಬಂತು, ರೊನಾಲ್ಡೊ ಬರಲಿಲ್ಲ. ಹೋದವರು ಬೇಜಾರಾಗಿ ಬಂದಿರುತ್ತಾರೆ ಅಂದುಕೊಂಡರೆ, ಗೋವಾದ ಬ್ರೈಸನ್ ಫರ್ನಾಂಡಿಸ್ ಹೊಡೆದ ಗೋಲಿನ ಮಾತೇ ಮಾತು. ಪಂದ್ಯ ಗೋವಾ 1-2ರಿಂದ ಸೋತಿತ್ತು ಅನ್ನುವುದು ನನಗೆ ಪೇಪರಿನಲ್ಲಿ ಓದಿದ ಮೇಲೆ ಗೊತ್ತಾಯಿತು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟೆಲ್ಲ ತಿರುಗುವವನು ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ ಹೋಗಿದ್ದಾನೋ ಇಲ್ಲವೋ? ಹೋಗಿದ್ದೇನೆ ಸ್ವಾಮಿ. 2024ರ ಜನವರಿಯಲ್ಲಿ ಕರ್ನಾಟಕ, ಪಂಜಾಬ್ ರಣಜಿ ಪಂದ್ಯ. ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್ ತೆಗೆದ, ದೇವದತ್ತ ಪಡಿಕ್ಕಲ್ 193 ಹೊಡೆದ, ಮನೀಷ್ ಪಾಂಡೆಯದೂ ಶತಕ. ಐಪಿಎಲ್‌ನಲ್ಲಿ ಎರಡು ಸಾವಿರ ಕೊಟ್ಟು ದೂರದಿಂದ ನೋಡಿದ ಹುಡುಗರನ್ನು ಇಲ್ಲಿ ಹತ್ತಿರದಿಂದ ನೋಡಿದೆ. ಸ್ಲಿಪ್‌ನಲ್ಲಿ ನಿಂತವರು ಕನ್ನಡದಲ್ಲಿ ಮಾತಾಡುವುದು ಗಾಳಿ ಈ ಕಡೆ ಬೀಸಿದಾಗ ಕೇಳಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗ ಗದಗಿನವನು, ಕೋಚಿಂಗಿಗೆ ಹುಬ್ಬಳ್ಳಿಗೆ ಓಡಾಡುತ್ತಾನಂತೆ. ಭಾರತಕ್ಕೆ ಆಡಿದ ಬೌಲರ್ ಸುನಿಲ ಜೋಶಿಯವರೂ ಹಾಗೇ ಗದಗಿನಿಂದ ಹುಬ್ಬಳ್ಳಿಗೆ ನಸುಕಿನಲ್ಲಿ ಹೋಗಿ ಪ್ರ್ಯಾಕ್ಟೀಸ್ ಮಾಡಿ ಶಾಲೆಗೆ ವಾಪಸ್ ಬರುತ್ತಿದ್ದರು ಅಂತ ಹೇಳಿದೆ. ಅವನಿಗೆ ಆ ಕಥೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಜೋಶಿಯವರದು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್ ಅಂತ ಒಂದೇ ಉಸಿರಿಗೆ ಹೇಳಿದ.

ರಣಜಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವ ಚಿಗರಿ ಬಸ್ ಹತ್ತಿ ವಿದ್ಯಾನಗರದ ಕಡೆ ಇಳಿದು ಆಟೋ ಹಿಡಿದರಾಯಿತು. ಸಂಜೆ ಗಿರಮಿಟ್, ಮಿರ್ಚಿ ತಿಂದು ಗದಗಿನ ಬಸ್ ಹತ್ತಬಹುದು. ಮಧ್ಯಾಹ್ನದ ಬಿಸಿಲಿಗೆ ಮಾತ್ರ ತಲೆಗೆ ಟವೆಲ್ಲೋ ಟೋಪಿಯೋ ಇರಲಿ.

ದೂರದ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ದೊಡ್ಡ ಬ್ಯಾಗು, ಪವರ್ ಬ್ಯಾಂಕು, ಕೆಲವು ಕಡೆ ಚಿಲ್ಲರೆ ನಾಣ್ಯ ಕೂಡ ಗೇಟಿನಲ್ಲಿ ಬಿಡುವುದಿಲ್ಲ. ಅವನ್ನು ಕಾಯಲು ಅಲ್ಲಿ ಯಾರೂ ಇರುವುದಿಲ್ಲ. ದೊಡ್ಡ ರೈಲ್ವೆ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಇಡಿ. ಬ್ಯಾಗಿಗೆ ಬೀಗ ಬೇಕು, ರೈಲಿನ ಟಿಕೆಟ್ ಕೂಡ ಕೇಳುತ್ತಾರೆ. ಬಸ್ಸಿನಲ್ಲಿ ಬಂದವರು ಪರಿಚಯದವರ ರೂಮು ನೋಡಿಕೊಳ್ಳಬೇಕು. ನನಗಂತೂ ಅಳಿಯನ ರೂಮಿದೆ, ಅವನ ಲಗ್ನ ಆಗುವವರೆಗೆ.